ಪದಚರ್ಚೆ: ಕ್ರಿಸ್‌ಮಸ್ ಆಲ್ಬಮ್‌ನಲ್ಲಿ ‘ಸಂಯೋಜನೆ’, ‘ನಿರ್ಮಾಪಕ’, ‘ಕವರ್’

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ‘ಶಿಕಾಗೋ’ ಎಂಬ ರಾಕ್ ತಂಡದ ಕ್ರಿಸ್‌ಮಸ್ ಆಲ್ಬಮ್‌ಗಳ ಬಗ್ಗೆ ಕನ್ನಡದಲ್ಲಿ ಪರಿಚಯ ಲೇಖನವೊಂದು ಸಿದ್ಧವಾಗುತ್ತಿದೆ. ತಂಡ ಹುಟ್ಟಿದ್ದು 1967ರಲ್ಲಿ. ಕ್ರಿಸ್‌ಮಸ್ ಆಲ್ಬಮ್‌ಗಳು ಬಂದದ್ದು 1998, 2011 ಮತ್ತು 2019ರಲ್ಲಿ. ಕರಡಿನ ಕೆಲವು ವಾಕ್ಯಗಳು ಹೀಗಿವೆ:

“ಮಾಜಿ ವಾದ್ಯವೃಂದ ಶಿಕಾಗೋ ತನ್ನ 25ಕ್ಕೆ ಭಕ್ತಿಗೀತೆಗಳ ಸಂಕಲನ ಹೊರತಂದಿತು.”
“ಇದರ ನಿರ್ಮಾಪಕರು ರಾಯ್ ಬಿಟ್ಟನ್.”
“ಸೈಲೆಂಟ್ ನೈಟ್ ಹಾಡನ್ನು ತಂಡದವರೇ ಸಂಯೋಜಿಸಿದ್ದಾರೆ.”
“ಹಿತ್ತಾಳೆ ವಾದ್ಯಗಳೂ ಜಾರುಬಂಡಿಯ ಗಂಟೆಗಳೂ ಹಬ್ಬದ ಕಳೆ ತಂದಿವೆ.”

ಇವುಗಳಲ್ಲಿ ಯಾವುದನ್ನು ತಿದ್ದಬೇಕು? ‘ಕವರ್’ (ಬೇರೆಯವರು ಮೊದಲು ರೆಕಾರ್ಡ್ ಮಾಡಿದ ಹಾಡನ್ನು ಹಾಡುವುದು) ಮತ್ತು ‘ಮೆಕ್ಯಾನಿಕಲ್ ಲೈಸೆನ್ಸ್’ (ಬೇರೆಯವರ ಹಾಡನ್ನು ರೆಕಾರ್ಡ್ ಮಾಡಲು ಬೇಕಾದ ಅನುಮತಿ) ಎಂಬುವಕ್ಕೆ ಓದುಗರಿಗೆ ಹೊಳೆಯುವ ಕನ್ನಡ ಮಾತು ಯಾವುದು? ತಿಳಿದವರು ತಿಳಿಸಿ.

ಉತ್ತರ

ಮೂರನೆಯ ವಾಕ್ಯವನ್ನು ಮೊದಲು ತಿದ್ದಿ. ಉಳಿದವುಗಳಲ್ಲಿ ಪದ ಜಾರಿದೆ, ಇದರಲ್ಲಿ ಸಂಗತಿಯೇ ತಪ್ಪಾಗಿದೆ. ಸೈಲೆಂಟ್ ನೈಟ್‌ನ ಸಾಹಿತ್ಯ ಪಾದ್ರಿ ಯೋಸೆಫ್ ಮೋರ್ ಅವರದು, 1816ರದು. ಅದಕ್ಕೆ ರಾಗ ಹಾಕಿದವರು ಫ್ರಾಂಟ್ಸ್ ಕ್ಸಾವರ್ ಗ್ರೂಬರ್. 1818ರ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಸಾಲ್ಜ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಗಿಟಾರ್ ಜೊತೆಗೆ ಅದನ್ನು ಮೊದಲು ಹಾಡಲಾಯಿತು. ಕನ್ನಡದಲ್ಲಿ ‘ಹಾಡನ್ನು ಸಂಯೋಜಿಸಿದ್ದಾರೆ’ ಎಂದರೆ ಓದುಗರು ‘ರಾಗ ಹಾಕಿದ್ದಾರೆ’ ಎಂದೇ ತಿಳಿಯುತ್ತಾರೆ. ಈ ರೂಢಿ ಬಲವಾದದ್ದು ಸುಗಮ ಸಂಗೀತದ ಕ್ಯಾಸೆಟ್‌ಗಳಿಂದ. ಅಲ್ಲಿ ಕವಿಯ ಹೆಸರು ಒಂದು ಕಡೆ, ರಾಗ ಸಂಯೋಜನೆ ಮಾಡಿದವರ ಹೆಸರು ಇನ್ನೊಂದು ಕಡೆ ಇರುತ್ತಿತ್ತು. ಎಷ್ಟೋ ಕ್ಯಾಸೆಟ್‌ಗಳಲ್ಲಿ ಇವೆರಡರ ಕೆಳಗೆ ‘ವಾದ್ಯ ಸಂಯೋಜನೆ’ ಎಂಬ ಮೂರನೆಯ ಸಾಲೂ ಇರುತ್ತಿತ್ತು. ನಿಮ್ಮ ಲೇಖನಕ್ಕೆ ಹತ್ತಿರವಾದದ್ದು ಆ ಮೂರನೆಯ ಸಾಲು.

ಆದರೂ ಅದು ಪೂರ್ತಿ ಸಾಲದು. ರಾಕ್ ತಂಡದಲ್ಲಿ ಅರೇಂಜ್‌ಮೆಂಟ್ (ಇರುವ ಹಾಡನ್ನು ತಮ್ಮ ರೀತಿಯಲ್ಲಿ ಅಣಿಗೊಳಿಸುವುದು) ಎಂದರೆ ಯಾವ ವಾದ್ಯ ಎಲ್ಲಿ ಬರಬೇಕು ಎನ್ನುವಷ್ಟಕ್ಕೇ ನಿಲ್ಲುವುದಿಲ್ಲ. ಆರರ ಎಣಿಕೆಯಲ್ಲಿ ತೂಗುವ ಹಾಡನ್ನು ನಾಲ್ಕರ ಎಣಿಕೆಗೆ ತರಬೇಕೇ, ಮೂಲ ಜರ್ಮನ್‌ನ ಆರು ಚರಣಗಳಲ್ಲಿ ಇಂಗ್ಲಿಷಿನಲ್ಲಿ ರೂಢಿಯಾಗಿರುವ ಮೂರನ್ನೂ ಹಾಡಬೇಕೇ ಅಥವಾ ಎರಡು ಸಾಕೇ, ಯಾವ ಚರಣ ಯಾರ ಕಂಠಕ್ಕೆ, ಕೊನೆಯ ಚರಣಕ್ಕೆ ಶ್ರುತಿ ಏರಿಸಬೇಕೇ, ಚರಣಗಳ ನಡುವಿನ ಖಾಲಿ ಜಾಗವನ್ನು ಟ್ರಂಪೆಟ್ ತುಂಬಬೇಕೇ, ಇವೆಲ್ಲ ಅದರೊಳಗೇ ಬರುತ್ತವೆ. ಕ್ರಿಸ್‌ಮಸ್ ಆಲ್ಬಮ್‌ನಲ್ಲಿ ಹಾಡುಗಳು ಎಲ್ಲರಿಗೂ ಗೊತ್ತಿರುವವೇ. ತಂಡದ ಜಾಣ್ಮೆ ಇರುವುದು ಇಂಥ ತೀರ್ಮಾನಗಳಲ್ಲಿ. ಹಾಗಾಗಿ ಲೇಖನದ ಜೀವಾಳವಾದ ಈ ಪದವನ್ನು ಮಸುಕಾಗಲು ಬಿಡಬೇಡಿ. ನನ್ನ ಸಲಹೆ: ನಾಮಪದ ಬೇಕಾದಲ್ಲಿ ‘ಅರೇಂಜ್‌ಮೆಂಟ್’ ಎಂದೇ ಬರೆಯಿರಿ, ಕ್ರಿಯಾಪದ ಬೇಕಾದಲ್ಲಿ ‘ಹಾಡನ್ನು ತಮ್ಮ ಶೈಲಿಗೆ ಒಗ್ಗಿಸಿದ್ದಾರೆ’ ಎನ್ನಿ. ಊದುವ ವಾದ್ಯಗಳ ಭಾಗವನ್ನಷ್ಟೇ ಹೇಳುವಾಗ ‘ವಾದ್ಯ ಸಂಯೋಜನೆ’ ಚೆನ್ನಾಗಿ ಹೊಂದುತ್ತದೆ. ‘ಸಂಯೋಜನೆ’ ಎಂಬುದನ್ನು ಒಂಟಿಯಾಗಿ ಬಳಸಲೇಬೇಡಿ. 1998ರ ಆಲ್ಬಮ್‌ನಲ್ಲಿ ‘ಚೈಲ್ಡ್ಸ್ ಪ್ರೇಯರ್’ ಎಂಬ ಹೊಸ ಹಾಡೂ ಇದೆ. ಅದನ್ನು ರಚಿಸಿದವರಲ್ಲಿ ತಂಡದ ಟ್ರಂಪೆಟ್ ವಾದಕ ಲೀ ಲಾಕ್ನೇನ್ ಒಬ್ಬರು. ಹಳೆಯ ಹಾಡುಗಳಿಗೂ ಇದಕ್ಕೂ ಒಂದೇ ಪದ ಬಳಸಿದರೆ ಲೇಖನದಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. 2019ರ ಆಲ್ಬಮ್‌ನಲ್ಲಿ ಸ್ವಂತ ಹಾಡುಗಳೇ ಹೆಚ್ಚಾದ್ದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು.

‘ನಿರ್ಮಾಪಕ’ ಪದಕ್ಕೂ ಇದೇ ತೊಡಕು. ಸಿನಿಮಾ ನೋಡಿ ಬೆಳೆದ ಕನ್ನಡಿಗರಿಗೆ ನಿರ್ಮಾಪಕ ಎಂದರೆ ದುಡ್ಡು ಹಾಕಿದವರು. ಧ್ವನಿಮುದ್ರಣದಲ್ಲಿ ಪ್ರೊಡ್ಯೂಸರ್ ಮಾಡುವ ಕೆಲಸ ಸಿನಿಮಾದ ನಿರ್ದೇಶಕರ ಕೆಲಸಕ್ಕೆ ಹತ್ತಿರ: ಯಾವ ಟೇಕ್ ಉಳಿಸಬೇಕು, ಕಂಠವನ್ನು ಮತ್ತೆ ಹಾಡಿಸಬೇಕೇ, ಒಟ್ಟು ನಾದ ಹೇಗಿರಬೇಕು ಎಂದು ಕೊನೆಯ ಮಾತು ಹೇಳುವವರು ಅವರು. ರಾಯ್ ಬಿಟ್ಟನ್ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಇ ಸ್ಟ್ರೀಟ್ ಬ್ಯಾಂಡಿನ ಪಿಯಾನೋ ವಾದಕರು. 1998ರ ಆಲ್ಬಮ್ ಹೊರಬಂದದ್ದು ತಂಡದ್ದೇ ಆದ ‘ಶಿಕಾಗೋ ರೆಕಾರ್ಡ್ಸ್’ ಲೇಬಲ್‌ನಿಂದ. ‘ನಿರ್ಮಾಪಕ ಬಿಟ್ಟನ್’ ಎಂದು ಬರೆದರೆ ಬಂಡವಾಳವೂ ಅವರದೇ ಎಂದಾಗಿಬಿಡುತ್ತದೆ. 2011ರ ಆಲ್ಬಮ್‌ನಲ್ಲಿ ಫಿಲ್ ರಮೋನ್ ಅವರ ಹೆಸರು ಬರುವಲ್ಲಿಯೂ ಅಷ್ಟೇ. ‘ಪ್ರೊಡ್ಯೂಸರ್’ ಎಂದು ಬಿಡಿ, ಮೊದಲ ಸಲ ಬಂದಾಗ ‘ಧ್ವನಿಮುದ್ರಣವನ್ನು ನಿರ್ದೇಶಿಸಿದವರು’ ಎಂಬ ವಿವರಣೆ ಕೊಡಿ.

ಇನ್ನು ಮೊದಲ ವಾಕ್ಯ. ‘ಮಾಜಿ’ ಎಂದರೆ ಆ ಸ್ಥಾನದಲ್ಲಿ ಈಗ ಇಲ್ಲದವರು, ಮಾಜಿ ಸೈನಿಕ, ಮಾಜಿ ಶಾಸಕ ಎಂಬಂತೆ. ಆಲ್ಬಮ್ ಬಂದಾಗ ಈ ತಂಡ ಊರೂರಲ್ಲಿ ಕಾರ್ಯಕ್ರಮ ಕೊಡುತ್ತಲೇ ಇತ್ತು, ಆದ್ದರಿಂದ ‘ಹಿರಿಯ ರಾಕ್ ತಂಡ’ ಎನ್ನಬೇಕು. ‘ವಾದ್ಯವೃಂದ’ ಪಿಟೀಲುಗಳ ದೊಡ್ಡ ಮೇಳವನ್ನು ನೆನಪಿಸುತ್ತದೆ. ಬರೀ ‘ಬ್ಯಾಂಡ್’ ಎಂದರೆ ಹಲವು ಊರುಗಳಲ್ಲಿ ಮದುವೆಯ ಬ್ಯಾಂಡ್‌ಸೆಟ್ ನೆನಪಾಗುತ್ತದೆ, ‘ರಾಕ್ ಬ್ಯಾಂಡ್’ ಎಂದು ಜೋಡಿಸಿದರೆ ತೊಂದರೆ ಇಲ್ಲ. ‘25’ ಅಂತೂ ವರ್ಷವೇ ಅಲ್ಲ. ಈ ತಂಡ ತನ್ನ ಆಲ್ಬಮ್‌ಗಳಿಗೆ ಹೆಚ್ಚಾಗಿ ರೋಮನ್ ಅಂಕಿಗಳ ಕ್ರಮಸಂಖ್ಯೆ ಕೊಡುತ್ತದೆ, ಕ್ರಿಸ್‌ಮಸ್ ಆಲ್ಬಮ್‌ಗಳಿಗೂ ಅದೇ ಸಾಲಿನಲ್ಲಿ 25, 33, 37 ಎಂಬ ಸಂಖ್ಯೆಗಳು ಬಂದಿವೆ. ‘ಶಿಕಾಗೋ 25’ ಎಂದಷ್ಟೇ ಬರೆದರೆ ಬೆಳ್ಳಿಹಬ್ಬ ಎಂದುಕೊಳ್ಳುವವರೇ ಹೆಚ್ಚು, ಆದರೆ 1998ಕ್ಕೆ ತಂಡಕ್ಕೆ 31 ವರ್ಷವಾಗಿತ್ತು. ‘ಶಿಕಾಗೋ ಸರಣಿಯ 25ನೆಯ ಆಲ್ಬಮ್’ ಎಂದು ಬರೆಯಿರಿ. ತಂಡಕ್ಕೂ ಊರಿಗೂ ಒಂದೇ ಹೆಸರಾದ್ದರಿಂದ ವಿಭಕ್ತಿ ಹಚ್ಚುವಾಗಲೂ ನೋಡಿಕೊಳ್ಳಿ: ‘ಶಿಕಾಗೋದಲ್ಲಿ’ ಎಂದರೆ ಊರು, ವಿವೇಕಾನಂದರು 1893ರಲ್ಲಿ ಮಾತನಾಡಿದ ಊರು. ಗಾಯಕರ ವಿಷಯ ಬಂದಾಗ ‘ಶಿಕಾಗೋ ತಂಡದಲ್ಲಿ’ ಎನ್ನಿ.

‘ಭಕ್ತಿಗೀತೆ’ ಅರ್ಧ ಮಾತ್ರ ನಿಜ. ಆಲ್ಬಮ್‌ನಲ್ಲಿ ಯೇಸುವಿನ ಜನನವನ್ನು ಹಾಡುವ ಕ್ಯಾರಲ್‌ಗಳಿವೆ. ಜೊತೆಗೆ ಹಿಮ, ಸಾಂಟಾ ಕ್ಲಾಸ್, ಮನೆಯ ಬೆಚ್ಚಗಿನ ಒಲೆಯ ಸುತ್ತ ಹುಟ್ಟಿದ ಅಮೆರಿಕದ ಜನಪ್ರಿಯ ಗೀತೆಗಳೂ ಇವೆ. ಇವುಗಳಲ್ಲಿ ಹೆಚ್ಚಿನವು 1930 ಮತ್ತು 40ರ ದಶಕದವು, ದೇವರ ಮಾತೇ ಅಲ್ಲಿಲ್ಲ. ಮೊದಲ ಬಗೆಗೆ ‘ಕ್ಯಾರಲ್’ ಎನ್ನುವುದೇ ನಮ್ಮ ಚರ್ಚುಗಳಲ್ಲಿ ಬಳಕೆಯಲ್ಲಿದೆ, ಎರಡನೆಯದಕ್ಕೆ ‘ಹಬ್ಬದ ಹಾಡು’ ಸಾಕು. ‘ಸಂಕಲನ’ ಬೇಡ, ಅದು ಮೊದಲೇ ಪ್ರಕಟವಾದವನ್ನು ಒಟ್ಟುಗೂಡಿಸಿದ್ದು ಎಂಬ ಅರ್ಥ ಕೊಡುತ್ತದೆ. ಇದೇ ಆಲ್ಬಮ್ 2003ರಲ್ಲಿ ಆರು ಹೊಸ ಹಾಡು ಸೇರಿಸಿಕೊಂಡು ಬೇರೆ ಹೆಸರಿನಲ್ಲಿ ಮತ್ತೆ ಬಂತು, ಅದು ‘ಮರುಬಿಡುಗಡೆ’. ಅದನ್ನು ಬೇರೆ ಆಲ್ಬಮ್ ಎಂದು ಲೆಕ್ಕ ಹಿಡಿಯಬೇಡಿ.

ಮತ್ತೊಬ್ಬರ ಉತ್ತರ

ಮೇಲಿನ ಮಾತುಗಳಿಗೆ ನನ್ನ ಒಪ್ಪಿಗೆ ಇದೆ. ಉಳಿದ ವಾಕ್ಯ ಮತ್ತು ಎರಡು ಪದಗಳ ಬಗ್ಗೆ ಇಷ್ಟು ಸೇರಿಸುತ್ತೇನೆ.

ಶಿಕಾಗೋ ತಂಡದ ಗುರುತೇ ಮೂರು ಊದುವ ವಾದ್ಯಗಳು. 1998ರ ಆಲ್ಬಮ್‌ನ ಹೊತ್ತಿಗೆ ಅವು ಲಾಕ್ನೇನ್ ಅವರ ಟ್ರಂಪೆಟ್, ಜೇಮ್ಸ್ ಪ್ಯಾಂಕೋ ಅವರ ಟ್ರಾಂಬೋನ್, ವಾಲ್ಟರ್ ಪರಾಜೈಡರ್ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು. ಸ್ಯಾಕ್ಸೊಫೋನಿನ ಒಡಲು ಹಿತ್ತಾಳೆಯದೇ, ಆದರೆ ನಾದ ಹುಟ್ಟುವುದು ಬಾಯಿಯ ಬಳಿ ಕಟ್ಟಿದ ಜೊಂಡಿನ ಸೀಳಿನಿಂದ, ಹಾಗಾಗಿ ಅದು ಹಿತ್ತಾಳೆ ವಾದ್ಯಗಳ ಗುಂಪಿಗೆ ಸೇರುವುದಿಲ್ಲ. ಕದ್ರಿ ಗೋಪಾಲನಾಥರನ್ನು ಕೇಳಿದ ಕನ್ನಡ ಓದುಗರಿಗೆ ಈ ವಾದ್ಯ ಹೊಸದೇನಲ್ಲ, ತಪ್ಪು ಹೇಳಿದರೆ ಹಿಡಿಯುತ್ತಾರೆ. ‘ಊದುವಾದ್ಯಗಳು’ ಎಂದರೆ ಮೂರನ್ನೂ ಒಳಗೊಳ್ಳುತ್ತದೆ. ‘ಹಾರ್ನ್ ವಿಭಾಗ’ ಎಂದು ಬರೆದರೆ ಲಾರಿಯ ಹಾರ್ನ್ ನೆನಪಾಗುತ್ತದೆ.

‘ಜಾರುಬಂಡಿ’ ನಮ್ಮಲ್ಲಿ ಮಕ್ಕಳು ಪಾರ್ಕಿನಲ್ಲಿ ಆಡುವ ಸಾಧನ. ಕುದುರೆ ಎಳೆಯುವ ಸ್ಲೇಗೆ ‘ಹಿಮಬಂಡಿ’ ಎನ್ನಿ. ಅದರ ‘ಗಂಟೆ’ ಗಂಟೆಯಲ್ಲ, ಗೆಜ್ಜೆ: ಒಳಗೆ ಸಣ್ಣ ಗುಂಡು, ಹೊರಗೆ ಸೀಳು ಇರುವ ಮುಚ್ಚಿದ ಗೋಲ. ಗಂಟೆಯಾಗಬೇಕಾದರೆ ಬಾಯಿ ತೆರೆದಿರಬೇಕು, ಒಳಗೆ ನಾಲಗೆ ತೂಗಬೇಕು. ಸ್ಟುಡಿಯೋದಲ್ಲಿ ಸಾಲು ಗೆಜ್ಜೆ ಜೋಡಿಸಿದ ಹಿಡಿಯನ್ನು ತಲೆಕೆಳಗಾಗಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಅದರ ತುದಿಗೆ ತಟ್ಟುತ್ತಾರೆ. ಬರೀ ಅಲುಗಾಡಿಸಿದರೆ ಗುಂಡುಗಳು ಹಿಂದುಮುಂದಾಗಿ ಉರುಳಿ ತಾಳ ಕಲಸಿಹೋಗುತ್ತದೆ. ಆದ್ದರಿಂದ ‘ಗೆಜ್ಜೆ ತಟ್ಟಿದರು’ ಎನ್ನುವುದು ಮಾತಿಗೂ ಸರಿ, ಕೆಲಸಕ್ಕೂ ಸರಿ.

‘ಕವರ್’ ಎಂದರೆ ನಮಗೆ ಲಕೋಟೆ, ಇಲ್ಲವೇ ಪ್ಲಾಸ್ಟಿಕ್ ಚೀಲ. ‘ಕವರ್ ಹಾಡು’ ಎಂದು ಸೇರಿಸಿ ಬರೆದರೆ ನಡೆಯುತ್ತದೆ. ‘ಮರುಗಾಯನ’ ಎಂದು ಕೆಲವರು ಬರೆಯುತ್ತಾರೆ, ಆದರೆ ಅದೇ ಗಾಯಕರು ಎರಡನೆಯ ಸಲ ಹಾಡಿದರು ಎಂಬ ಅರ್ಥವೂ ಅದರಿಂದ ಹೊರಡುವುದರಿಂದ ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಸೂಕ್ಷ್ಮವಿದೆ. ಹೊಸೆ ಫೆಲಿಸಿಯಾನೋ ರಚಿಸಿ 1970ರಲ್ಲಿ ಹಾಡಿದ ‘ಫೆಲೀಸ್ ನವಿದಾದ್’ ಅನ್ನು ಶಿಕಾಗೋ ಹಾಡಿದರೆ ಅದು ಕವರ್. ಸೈಲೆಂಟ್ ನೈಟ್ ಹಾಗಲ್ಲ. ಧ್ವನಿಮುದ್ರಣ ಹುಟ್ಟುವ ಮೊದಲಿನ ಹಾಡಿಗೆ ಮೂಲ ರೆಕಾರ್ಡ್ ಎಂಬುದೇ ಇಲ್ಲ, ಅದನ್ನು ಕವರ್ ಎನ್ನುವುದು ಸರಿಯಾಗದು.

‘ಮೆಕ್ಯಾನಿಕಲ್ ಲೈಸೆನ್ಸ್’ ಅನ್ನು ‘ಯಾಂತ್ರಿಕ ಪರವಾನಗಿ’ ಎಂದು ಮಾಡಿದರೆ ಯಂತ್ರ ಓಡಿಸುವ ಪರವಾನಗಿಯಂತೆ ಕೇಳುತ್ತದೆ. ರಂಧ್ರ ಕೊರೆದ ಕಾಗದದ ಸುರುಳಿಯಿಂದ ಪಿಯಾನೋ ತಾನೇ ನುಡಿಯುತ್ತಿದ್ದ ಕಾಲದ ಹೆಸರು ಅದು. ಅಮೆರಿಕದ 1909ರ ಕಾಯ್ದೆ ಅದಕ್ಕೆ ಪ್ರತಿಗೆ 2 ಸೆಂಟ್ ನಿಗದಿ ಮಾಡಿತ್ತು. 2006ರಿಂದ ಐದು ನಿಮಿಷದೊಳಗಿನ ಹಾಡಿಗೆ ದರ 9.1 ಸೆಂಟ್ ಆಯಿತು, 2023ರಲ್ಲಿ 12 ಸೆಂಟ್. ಹಾಡು ಬರೆದವರಿಗೆ ರೆಕಾರ್ಡ್ ಮಾಡಿದವರು ಕೊಡುವ ಹಣ ಇದು, ಆದ್ದರಿಂದ ‘ಧ್ವನಿಮುದ್ರಣ ಪರವಾನಗಿ’ ಎನ್ನಬಹುದು. ಈ ಪರವಾನಗಿಯಲ್ಲಿ ಹಾಡನ್ನು ತಮ್ಮ ಶೈಲಿಗೆ ಒಗ್ಗಿಸಿಕೊಳ್ಳಬಹುದು, ಆದರೆ ಮೂಲ ರಾಗವನ್ನೂ ಹಾಡಿನ ಸ್ವಭಾವವನ್ನೂ ಬದಲಿಸುವಂತಿಲ್ಲ. ಮೇಲಿನವರು ‘ಒಗ್ಗಿಸು’ ಎಂದದ್ದು ಕಾನೂನಿನ ಅರ್ಥಕ್ಕೂ ಹೊಂದುತ್ತದೆ. ಸೈಲೆಂಟ್ ನೈಟ್‌ನ ರಾಗಕ್ಕೆ ಹಕ್ಕುಸ್ವಾಮ್ಯ ಉಳಿದಿಲ್ಲವಾದ್ದರಿಂದ ಅದಕ್ಕೆ ಈ ಹಣ ಕಟ್ಟಬೇಕಿಲ್ಲ. ಆದರೆ 1998ರ ಧ್ವನಿಮುದ್ರಣಕ್ಕೆ ಹಕ್ಕುದಾರರಿದ್ದಾರೆ. ಲೇಖನದಲ್ಲಿ ‘ಹಕ್ಕುಮುಕ್ತ ಹಾಡು’ ಎಂದಷ್ಟೇ ಬರೆದರೆ ಓದುಗರು ರೆಕಾರ್ಡನ್ನೂ ಹಾಗೇ ತೆಗೆದು ಬಳಸಿಯಾರು. ‘ರಾಗ ಮತ್ತು ಮೂಲ ಸಾಹಿತ್ಯ ಹಕ್ಕುಮುಕ್ತ’ ಎಂದು ಬಿಡಿಸಿ ಬರೆಯಿರಿ.