ಕಾನ್ಫಿಗ್ ಫೈಲ್ ಚೆಕ್: ಬ್ರಾಕೆಟ್ ಸರಿ ಇದ್ದರೆ ಸಾಕಾ?

ತೊಗರಿನಾಡು, ಕಲಬುರಗಿ

ನಮಸ್ಕಾರ ರೀ. ಇಲ್ಲಿನ ಒಂದು ದಾಲ್ ಮಿಲ್‌ಗೆ ಚಿಕ್ಕ ಸರ್ವಿಸ್ ಬರೆಯುತ್ತಿದ್ದೇನೆ. ಲಾರಿ ಕಾಂಟಾ ಮೇಲೆ ನಿಂತಾಗ ಸೀರಿಯಲ್ ಪೋರ್ಟ್‌ನಿಂದ ತೂಕ ಓದಿ ಡೇಟಾಬೇಸ್‌ಗೆ ಹಾಕುತ್ತದೆ. ಲಿನಕ್ಸ್, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ) ಮೇಲೆ ಓಡುತ್ತದೆ. ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳ ಫೈಲ್, ತಿದ್ದುವವರು ಮಿಲ್‌ನ ಸೂಪರ್‌ವೈಸರ್. ಹೊಸ ತೊಗರಿ ಬರುವ ಡಿಸೆಂಬರ್, ಜನವರಿಯಲ್ಲಿ ಗೇಟ್ ಹೊರಗೆ ಲಾರಿ ಸಾಲುಗಟ್ಟಿರುತ್ತವೆ. ಆಗ ಸರ್ವಿಸ್ ಏಳಲಿಲ್ಲ ಅಂದ್ರೆ ಎಲ್ಲರೂ ಬಿಸಿಲಲ್ಲಿ ಕಾಯಬೇಕು. ಎನ್‌ಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ಗೆ ಕಾನ್ಫಿಗ್ ಪರೀಕ್ಷಿಸುವ 'ಮೈನಸ್ ಟಿ' ಇದ್ದಂತೆ ನಮ್ಮದಕ್ಕೂ ಒಂದು ಚೆಕ್ ಇಟ್ಟಿದ್ದೇನೆ. ಸದ್ಯ ಬ್ರಾಕೆಟ್, ಕೋಟ್ ಮಾತ್ರ ನೋಡುತ್ತೆ. ಇನ್ನೇನು ಹಿಡಿಯಬೇಕು?

ಬಿದ್ರಿ, ಬೀದರ್

ಅಷ್ಟು ಸಾಲಲ್ಲ ರೀ. ಬ್ರಾಕೆಟ್ ಬಿಟ್ಟುಹೋದರೆ ಸರ್ವಿಸ್ ಹೇಗೂ ಏಳಲ್ಲ, ತಕ್ಷಣ ಗೊತ್ತಾಗುತ್ತೆ. ಸುಮ್ನೆ ಒಪ್ಪಿಕೊಂಡು ಓಡುವ ತಪ್ಪುಗಳೇ ಜಾಸ್ತಿ ಕಾಡೋದು.

ಮೊದಲನೆಯದು, ಗೊತ್ತಿಲ್ಲದ ಕೀ (ಸೆಟ್ಟಿಂಗ್‌ನ ಹೆಸರು). ಸಿಸ್ಟಮ್‌ಡಿಗೆ ಸರ್ವಿಸ್ ಬಗ್ಗೆ ಹೇಳುವ ಯೂನಿಟ್ ಫೈಲ್‌ನಲ್ಲಿ 'ರೀಸ್ಟಾರ್ಟ್' ಕೀಯ ಎರಡು ಅಕ್ಷರ ಹಿಂದುಮುಂದಾಗಲಿ, ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತೆ. ಸರ್ವಿಸ್ ಚೆನ್ನಾಗೇ ಓಡುತ್ತೆ. ಒಂದು ರಾತ್ರಿ ಕ್ರ್ಯಾಶ್ ಆದಾಗ ಮತ್ತೆ ಏಳಲ್ಲ. ನಿಮ್ಮ ಚೆಕ್‌ನಲ್ಲಿ ಇದು ಎಚ್ಚರಿಕೆ ಆಗಬಾರದು, ಫೇಲ್ ಆಗಬೇಕು. ಯಾವ ಫೈಲ್, ಎಷ್ಟನೇ ಸಾಲು, 'ನೀವು ಬರೆಯಬೇಕೆಂದಿದ್ದು ಇದಾ' ಅಂತಲೂ ತೋರಿಸಿ. ಸೂಪರ್‌ವೈಸರ್ ಓದುವವರು, ನೀವಲ್ಲ.

ಆಮೇಲೆ ಅಳತೆಯ ಯೂನಿಟ್. ಟೈಮ್‌ಔಟ್‌ಗೆ ಬರೀ 30 ಅಂತ ಬರೆದರೆ ಸಿಸ್ಟಮ್‌ಡಿಗೆ ಅದು 30 ಸೆಕೆಂಡ್, ಎಚ್‌ಎಪ್ರಾಕ್ಸಿ ಅನ್ನುವ ಲೋಡ್ ಬ್ಯಾಲೆನ್ಸರ್‌ಗೆ 30 ಮಿಲಿಸೆಕೆಂಡ್. ಬರೀ ಅಂಕಿಯನ್ನು ಒಪ್ಪಲೇಬೇಡಿ.

ಸುರಪುರದವ, ಯಾದಗಿರಿ

ಒಂದೇ ಕೀ ಎರಡು ಕಡೆ ಬಂದರೂ ಹಿಡಿಯಬೇಕು. ದೂರದಿಂದ ಮಷೀನ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್‌ನದೇ ನೋಡಿ. ಪಾಸ್‌ವರ್ಡ್ ಲಾಗಿನ್ ಬೇಡ ಅಂತ ಫೈಲ್ ಕೊನೆಯಲ್ಲಿ ಬರೆದಿರುತ್ತೇವೆ. ಆದರೆ ಅಲ್ಲಿ ಮೊದಲು ಸಿಕ್ಕ ವ್ಯಾಲ್ಯೂನೇ ಗೆಲ್ಲೋದು. ಮೇಲೆ ಇನ್‌ಕ್ಲೂಡ್ ಆದ ಇನ್ನೊಂದು ಫೈಲ್‌ನಲ್ಲಿ 'ಯೆಸ್' (ಹೌದು) ಅಂತಿದ್ದರೆ ಬಾಗಿಲು ತೆರೆದೇ ಇರುತ್ತೆ! ಇಂಗ್ಲಿಷ್‌ನ ಚಿಕ್ಕ 'ಟಿ' ಹಾಕಿ ಅದರ ಕಾನ್ಫಿಗ್ ಚೆಕ್ ಮಾಡಿದರೆ ತಪ್ಪೇ ಇಲ್ಲ ಅನ್ನುತ್ತೆ. ದೊಡ್ಡ 'ಟಿ' ಹಾಕಿದಾಗಲೇ ಕೊನೆಗೆ ಯಾವ ವ್ಯಾಲ್ಯೂ ನಿಂತಿತು ಅಂತ ಕಾಣೋದು. ನೀವೂ ಅಂಥದ್ದೊಂದು ಕೊಡಿ, ಇದು ನನ್ನ ಕಳಕಳಿಯ ಕೋರಿಕೆ.

ತೊಗರಿನಾಡು, ಕಲಬುರಗಿ

ಇಬ್ಬರಿಗೂ ಧನ್ಯವಾದ ರೀ. ಒಂದು ಅನುಮಾನ ಉಳಿದಿದೆ. ಕಾನ್ಫಿಗ್‌ನಲ್ಲಿ ಹೇಳಿದ ಸೀರಿಯಲ್ ಪೋರ್ಟ್ ಮಷೀನ್‌ನಲ್ಲಿ ಇಲ್ಲದಿದ್ದರೆ? ಯುಎಸ್‌ಬಿ ಕೇಬಲ್ ಸಡಿಲ ಆಗಿದ್ದರೂ ಪೋರ್ಟ್ ಕಾಣಲ್ಲ.

ಬಿದ್ರಿ, ಬೀದರ್

ಅದನ್ನು ಬೇರೆ ಇಡಿ. ಎನ್‌ಜಿನ್‌ಎಕ್ಸ್‌ನ 'ಮೈನಸ್ ಟಿ' ಸಿಂಟ್ಯಾಕ್ಸ್ (ಬರೆದ ರೀತಿ) ನೋಡಿದ ಮೇಲೆ ಸರ್ಟಿಫಿಕೇಟ್‌ನಂಥ ಫೈಲ್‌ಗಳನ್ನೂ ತೆರೆದು ನೋಡುತ್ತೆ. ಸರ್ವರ್ ಮೇಲೆ ಅದು ಒಳ್ಳೆಯದೇ. ಆದರೆ ಅದೇ ಕಾನ್ಫಿಗ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆಕ್ ಮಾಡಿದರೆ ಸರಿ ಇದ್ದದ್ದೂ ಫೇಲ್. ಹಾಗಾಗಿ ಫೈಲ್‌ನ ತಪ್ಪಿಗೆ ಒಂದು ಎಕ್ಸಿಟ್ ಕೋಡ್ (ಪ್ರೋಗ್ರಾಂ ಮುಗಿದಾಗ ಕೊಡುವ ಸಂಖ್ಯೆ), ಮಷೀನ್‌ನ ಕೊರತೆಗೆ ಇನ್ನೊಂದು. ಪೋರ್ಟ್ ಇದೆಯಾ ಅಂತ ನೋಡಿ ಅಷ್ಟೇ, ತೆರೆಯಬೇಡಿ. ಆ ಹೊತ್ತಿಗೆ ಕಾಂಟಾ ಮೇಲೆ ಲಾರಿ ನಿಂತಿರಬಹುದು, ಓದುತ್ತಿರುವ ಸರ್ವಿಸ್‌ಗೆ ಅಡ್ಡ ಬರುತ್ತೆ.

ಮತ್ತೆ, ರೀಲೋಡ್ ಹೊತ್ತಲ್ಲಿ ಹೊಸ ಫೈಲ್ ಕೆಟ್ಟಿದ್ದರೆ ಹಳೆಯ ಕಾನ್ಫಿಗ್ ಮೇಲೇ ಓಡಲಿ. ಎನ್‌ಜಿನ್‌ಎಕ್ಸ್ ಹಾಗೇ ಮಾಡೋದು. ಸೂಪರ್‌ವೈಸರ್‌ಗೆ ವಿಸುಡೊ (ಲಿನಕ್ಸ್‌ನಲ್ಲಿ ಸುಡೊ ಅನುಮತಿಗಳ ಫೈಲ್ ತಿದ್ದುವ ಕಮಾಂಡ್) ತರಹದ ಒಂದು ಸ್ಕ್ರಿಪ್ಟ್ ಬರೆದುಕೊಡಿ: ನಕಲು ಫೈಲ್ ತಿದ್ದಲಿ, ಚೆಕ್ ಪಾಸ್ ಆದರೆ ಮಾತ್ರ ಅಸಲಿ ಜಾಗಕ್ಕೆ ಹೋಗಲಿ.