ಮೊದಲ ಕಾದಂಬರಿ: 300 ಪ್ರತಿ ನಾನೇ ಕೊಳ್ಳಬೇಕಂತೆ, ಒಪ್ಪಲಾ?

ಪ್ರಶ್ನೆ: ಯಲಬುರ್ಗಾದಿಂದ

ಎಲ್ಲರಿಗೂ ನಮಸ್ಕಾರ. ನಾನು ಅತಿಥಿ ಶಿಕ್ಷಕ. ಮೂರು ವರ್ಷ ಕೂತು ಒಂದು ಕಾದಂಬರಿ ಬರೆದಿದ್ದೇನೆ. ನಮ್ಮೂರ ಕೆರೆಯ ಹೂಳೆತ್ತಿದ ವರ್ಷದ ಕತೆ. ಎರಡು ಕಡೆ ಪ್ರಕಾಶಕರಿಗೆ ಕಳಿಸಿದೆ. ಒಂದು ಕಡೆಯಿಂದ ಉತ್ತರವೇ ಇಲ್ಲ. ಇನ್ನೊಬ್ಬರು ಫೋನ್ ಮಾಡಿ, "500 ಪ್ರತಿ ಹಾಕೋಣ, 300 ನೀವೇ ತಗೋಬೇಕು, ದುಡ್ಡು ಮೊದಲೇ ಕೊಡಬೇಕು" ಅಂದರು. ಮಾತುಗಳನ್ನು "ಸ್ವಲ್ಪ ಶುದ್ಧ" ಮಾಡುತ್ತಾರಂತೆ. ಒಪ್ಪಲಾ, ಬೇಡವಾ?

ಉತ್ತರ: ರಾಯಚೂರಿನಿಂದ

ತಮ್ಮಾ, ನೀನು ಅಂತಲೇ ಅನ್ನುತ್ತೇನೆ, ಬೇಜಾರು ಮಾಡ್ಕೋಬೇಡ. ದುಡ್ಡಿನ ಮಾತು ಆಮೇಲೆ. ಮೊದಲು ಆ "ಸ್ವಲ್ಪ ಶುದ್ಧ"ದ ವಿಷಯ. ನನ್ನನ್ನು ಸುಟ್ಟಿದ್ದು ಅದೇ.

ನನ್ನ ಕಾದಂಬರಿ 2019ರಲ್ಲಿ ಬಂತು. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಒಂದು ಮನೆಯ ಕತೆ. ಮುದುಕರನ್ನು ಮನೆ ಕಾಯಲು ಬಿಟ್ಟು, ಗಂಟುಮೂಟೆ ಕಟ್ಟಿಕೊಂಡು ಕಟ್ಟಡದ ಕೆಲಸಕ್ಕೆ ಹೋಗುವುದಕ್ಕೆ ನಮ್ಮಲ್ಲಿ ಗುಳೆ ಅಂತಲೇ ಅನ್ನುವುದು, ನಿನಗೂ ಗೊತ್ತಲ್ವಾ? ಕರಡು ತಿದ್ದಿದವರು ಕಂಪ್ಯೂಟರಿನಲ್ಲಿ ಒಂದೇ ಏಟಿಗೆ "ಗುಳೆ" ಇದ್ದಲ್ಲೆಲ್ಲ "ವಲಸೆ" ಮಾಡಿಬಿಟ್ಟರು. ಕತೆಯಲ್ಲಿ ತಾಯಿ ಮಗಳ ಮದುವೆಗೆ ಗುಳೇದಗುಡ್ಡದ ಖಣ ತರಿಸುತ್ತಾಳೆ. ಅದು "ವಲಸೇದಗುಡ್ಡದ ಖಣ" ಅಂತ ಅಚ್ಚಾಯಿತು. 500 ಪ್ರತಿಯಲ್ಲೂ. ಪಾರ್ಸೆಲ್ ಬಂದ ದಿನ ಬಸ್ ಸ್ಟ್ಯಾಂಡಿನಲ್ಲೇ ಬಿಚ್ಚಿದೆ. 41ನೇ ಪುಟ ನೋಡಿ ಅಲ್ಲೇ ಅತ್ತುಬಿಟ್ಟೆ.

ಮಗ ಹೊರಡುವಾಗ ಅವ್ವ "ಬುತ್ತಿ ಕಟ್ಟೀನಿ, ಹಾದ್ಯಾಗ ಉಣ್ಣಪಾ" ಅನ್ನುತ್ತಾಳೆ. ಅದನ್ನು "ಊಟ ಕಟ್ಟಿದ್ದೇನೆ, ದಾರಿಯಲ್ಲಿ ತಿನ್ನು ಮಗನೇ" ಅಂತ ಮಾಡಿದ್ದರು. ನಮ್ಮ ಯಾವ ತಾಯಿ ಹಾಗೆ ಮಾತಾಡುತ್ತಾಳೆ?

ನಾನು ಎರಡನೇ ಪ್ರೂಫ್ ನೋಡಿ ಸಾಕು ಅಂದಿದ್ದೆ. ಇದೆಲ್ಲ ಆಗಿದ್ದು ಅದರ ನಂತರ. ಹಾಗಾಗಿ ನೀನು ಕಾಗದದಲ್ಲಿ ಬರೆಸಿಕೋ: ಮಾತಿನ ಭಾಷೆ ಮುಟ್ಟುವಂತಿಲ್ಲ, ಕೊನೆಯ ಪ್ರೂಫಿಗೆ ನಿನ್ನ ಸಹಿ ಬೀಳದೆ ಅಚ್ಚಿಗೆ ಹೋಗುವಂತಿಲ್ಲ. ಹಕ್ಕನ್ನೂ ಸುಮ್ನೆ ಬರೆದುಕೊಡಬೇಡ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಅದು ಬದುಕಿರುವವರೆಗೆ ನಿನ್ನದು, ಆಮೇಲೆ 60 ವರ್ಷ ನಿನ್ನ ಮನೆಯವರದು.

ಇನ್ನು ದುಡ್ಡು. 300 ಪ್ರತಿ ಕೊಳ್ಳುವುದು ಅಂದರೆ ಅಚ್ಚಿನ ಖರ್ಚು ಹೆಚ್ಚುಕಡಿಮೆ ನೀನೇ ಕೊಟ್ಟಂತೆ. ನಾನು ಕೊಟ್ಟೆ. ಮಂಚದ ಕೆಳಗೆ ಇನ್ನೂ ಎರಡು ರಟ್ಟಿನ ಡಬ್ಬ ಇವೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ ಇದೆ. ಹಸ್ತಪ್ರತಿ ಇರುವಾಗಲೇ ಹಾಕಬೇಕು, ಪುಸ್ತಕ ಆದ ಮೇಲೆ ಅಲ್ಲ. ಅರ್ಜಿ ಕರೆಯುವವರೆಗೆ ತಾಳು.

ಉತ್ತರ: ಬಳ್ಳಾರಿಯಿಂದ

ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಜೋಡಿಸುವ ಕೆಲಸ ಮಾಡುವವನು. ಅಕ್ಕಾವರ ಪುಸ್ತಕದಲ್ಲಿ ಹಾಗಾಗಿದ್ದು ಯಾಕೆ ಅಂತ ಊಹಿಸಬಲ್ಲೆ. ಹಳೆಯ ನುಡಿ (ಕನ್ನಡ ಟೈಪ್ ಮಾಡುವ ತಂತ್ರಾಂಶ) ಅಕ್ಷರದಲ್ಲಿ "ಳೇ" ಅಂದರೆ "ಳೆ" ಒತ್ತಿ ಪಕ್ಕಕ್ಕೆ ದೀರ್ಘ ಸೇರಿಸುವುದು. ಗುಳೆ ಹುಡುಕಿದರೆ ಗುಳೇದಗುಡ್ಡವೂ ಸಿಗುತ್ತದೆ. ಈಗಿನ ಯುನಿಕೋಡ್ ಅಕ್ಷರದಲ್ಲಿ "ಳೆ", "ಳೇ" ಎರಡೂ ಬೇರೆ ಬೇರೆ. ನಿಮ್ಮ ಫೈಲಿನಲ್ಲಿ ಸರಿ ಇದ್ದದ್ದೂ ಪುಟ ಜೋಡಿಸುವಾಗ ಹೀಗೆ ಕೆಡಬಹುದು. ಅದಕ್ಕೇ ಅಚ್ಚಿಗೆ ಹೋಗುವ ಪಿಡಿಎಫ್ ಅನ್ನೇ ಕೇಳಿ ಓದಿ, ವರ್ಡ್ ಫೈಲ್ ಅಲ್ಲ.

ಡೆಮಿ, ಅಂದರೆ ಕಾದಂಬರಿಗಳ ಸಾಮಾನ್ಯ ಅಳತೆಯಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಒಂದು ಕಂತೆ. 192 ಪುಟ ಅಂದರೆ ಸರಿಯಾಗಿ 12 ಫಾರಂ. 195 ಆಯಿತೋ, 13ನೇ ಫಾರಂಗೆ ಹೋಗುತ್ತದೆ, ಖಾಲಿ ಪುಟಕ್ಕೂ ಕಾಗದದ ದುಡ್ಡು. ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆಗೆ) ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಕೇಂದ್ರ ಸರ್ಕಾರ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು.

ಯಲಬುರ್ಗಾದಿಂದ

ಅಕ್ಕಾ, ಆ ಪ್ರಕಾಶಕರು ನನ್ನ ಮೊದಲ ಅಧ್ಯಾಯ ತಿದ್ದಿ ಕಳಿಸಿದ್ದಾರೆ. ಅಜ್ಜ ಅಗಸೆ ಬಾಗಿಲಲ್ಲಿ ನಿಂತು "ಕೆರಿ ತುಂಬೈತಿ, ನೋಡ ಬಾರೋ" ಅಂತ ಕೂಗುತ್ತಾನೆ. ಅದೀಗ "ಕೆರೆ ತುಂಬಿದೆ, ನೋಡು ಬಾ" ಆಗಿದೆ. ನಿಮ್ಮದು ಓದಿದ ಮೇಲೆ ಫೋನ್ ಮಾಡಿ ಬೇಡ ಅಂದೆ. ಆ ಡಬ್ಬದಿಂದ ನನಗೊಂದು ಪ್ರತಿ ಬೇಕು. ದುಡ್ಡು ಕಳಿಸುತ್ತೇನೆ.

ರಾಯಚೂರಿನಿಂದ

ಕಳಿಸುತ್ತೇನೆ ತಮ್ಮಾ. ಉಳಿದ ಎಲ್ಲ ಪ್ರತಿಯಲ್ಲೂ 41ನೇ ಪುಟವನ್ನು ಪೆನ್ನಿನಿಂದ ತಿದ್ದಿಟ್ಟಿದ್ದೇನೆ.