ಕನಸಿನ ಗಾಡಿ ತಗೋಬೇಕು ಅಂತಿರೋರು ಗ್ಯಾರೇಜ್ ಅಣ್ಣನ್ನ ಕೇಳಿ

ಅಡ್ಮಿನ್: ಈ ವಾರದ ವಿಷಯ ಕನಸಿನ ಗಾಡಿ. ಚಿಕ್ಕೋರಿದ್ದಾಗಿಂದ ಮನಸಲ್ಲಿ ಇಟ್ಕೊಂಡಿರೋ ಗಾಡಿ ಯಾವ್ದು, ಈಗ ತಗೊಂಡ್ರೆ ಸಾಕೋಕೆ ಆಗುತ್ತಾ, ಇದಕ್ಕೆ ಮಾತ್ರ ಪ್ರಶ್ನೆ ಹಾಕಿ. ಉತ್ತರ ಕೊಡೋರು ನಮ್ ಗುಂಪಿನ ಗ್ಯಾರೇಜ್ ಅಣ್ಣ, ತುಮಕೂರು ಬಟವಾಡಿ ಕಡೆ ಶೆಡ್ ಇಟ್ಟಿರೋರು. "ಮೈಲೇಜ್ ಎಷ್ಟು ಕೊಡುತ್ತೆ" ಅಂತ ಕೇಳೋರ್ದು ಡಿಲೀಟ್ ಮಾಡ್ತೀನಿ, ಕನಸಿನ ಗಾಡಿಗೆ ಮೈಲೇಜ್ ಕೇಳಬಾರದು.

ಪ್ರಶ್ನೆ (ಗುಬ್ಬಿಯಿಂದ): ಅಣ್ಣ ನಮಸ್ಕಾರ. ನಮ್ಮಪ್ಪ ಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದೋರು, ಅವರಿಗೆ ಮೊದಲಿಂದ್ಲೂ ಒಂದೇ ಆಸೆ, ಕಾಂಟೆಸ್ಸಾ ಕಾರು. ಬಿಎಚ್ ರೋಡಲ್ಲಿ ಯಾರದಾದ್ರೂ ಬಿಳಿ ಕಾಂಟೆಸ್ಸಾ ಹೋದ್ರೆ ಸೈಕಲ್ ನಿಲ್ಸಿ ನೋಡ್ತಿದ್ರಂತೆ. ಈಗ ದಾವಣಗೆರೇಲಿ ಒಂದು 1994ರ ಪೆಟ್ರೋಲ್ ಗಾಡಿ ಸೇಲ್‌ಗೈತೆ, ಹೊಸದಾಗಿ ಪೇಂಟ್ ಮಾಡ್ಸಿದಾರೆ, ಓನರ್ "ಇಂಜಿನ್ ಬೆಣ್ಣೆ ಥರ ಐತೆ ನೋಡಿ" ಅಂತಾನೆ. ತಗೋಬಹುದಾ?

ಗ್ಯಾರೇಜ್ ಅಣ್ಣ: ದಾವಣಗೆರೇಲಿ ಎಲ್ಲಾನೂ ಬೆಣ್ಣೆ ಥರಾನೇ ಇರುತ್ತೆ ಬಿಡಿ. ನಾನು ಹೇಳೋದು ಏನಂದ್ರೆ ಇಂಜಿನ್ ಬಗ್ಗೆ ಮಾತೇ ಆಡ್ಬೇಡಿ ಅವರ ಹತ್ರ. ಹಳೇ ಗಾಡಿಲಿ ಇಂಜಿನ್ ಅನ್ನೋದು ದುಡ್ಡು ಕೊಟ್ರೆ ಸರಿ ಹೋಗೋ ಐಟಮ್ಮು. ಬಾಡಿ ಹಂಗಲ್ಲ, ಬಾಡಿ ಹೋಯ್ತು ಅಂದ್ರೆ ಹೋಯ್ತು.

ಕಾಂಟೆಸ್ಸಾ ಬಾಡಿ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಗಾಡೀದು, ಹಿಂದೂಸ್ತಾನ್ ಮೋಟಾರ್ಸ್ ಅದನ್ನ 1984ರಲ್ಲಿ ಇಲ್ಲಿ ಬಿಟ್ಟಿದ್ದು. ಮೊದಮೊದಲು ಆ ದೊಡ್ಡ ಗಾಡಿಗೆ ಅಂಬಾಸಿಡರ್‌ದೇ 1489 ಸಿಸಿ ಇಂಜಿನ್ ಹಾಕಿದ್ರು, ನೋಡೋಕೆ ಆನೆ, ಎಳೆಯೋದ್ರಲ್ಲಿ ಮಾತ್ರ ಏನೂ ಇಲ್ಲ. ಆಮೇಲೆ ಇಸುಜು 1.8 ಲೀಟರ್ ಪೆಟ್ರೋಲ್ ಇಂಜಿನ್ನು, ಐದು ಗೇರು ಬಂತು, ಅದೇ ಕಾಂಟೆಸ್ಸಾ ಕ್ಲಾಸಿಕ್. ನಿಮ್ಮದು 94 ಅಂದ್ರೆ ಅದೇ ಇರ್ಬೇಕು, ಆದ್ರೂ ಬಾನೆಟ್ ತೆಗ್ಸಿ ನೋಡಿ, ಇಂಜಿನ್ ಬದಲಾಯಿಸಿರೋ ಗಾಡಿಗಳು ಬೇಕಾದಷ್ಟವೆ, ಆರ್‌ಸಿಲಿರೋ ಇಂಜಿನ್ ನಂಬರ್ರು ಬ್ಲಾಕ್ ಮೇಲಿರೋದು ಒಂದೇನಾ ನೋಡ್ಬೇಕು. ಇದೇ ಇಸುಜು ಇಂಜಿನ್ ಆಮೇಲೆ ಅಂಬಾಸಿಡರ್ 1800ಗೂ ಹಾಕಿದ್ರು, ಅಂಬಾಸಿಡರ್ 2014ರವರೆಗೂ ತಯಾರಾಯ್ತು, ಅದಕ್ಕೇ ಇಂಜಿನ್ ಸಾಮಾನು ಇವತ್ತಿಗೂ ಬೆಂಗಳೂರು ಜೆಸಿ ರೋಡಲ್ಲಿ ಕೇಳಿದ್ರೆ ಒಂದಲ್ಲ ಒಂದು ಅಂಗಡೀಲಿ ಸಿಗುತ್ತೆ. ಆದ್ರೆ ಕಾಂಟೆಸ್ಸಾದು ಅಂತಾನೇ ಇರೋ ಸಾಮಾನು, ಮುಂದಿನ ಗ್ಲಾಸು, ಟೈಲ್ ಲ್ಯಾಂಪು, ಗ್ರಿಲ್ಲು, ಡೋರ್ ಬೀಡಿಂಗು, ಇವು 2002ಕ್ಕೆ ಗಾಡಿ ನಿಂತಮೇಲೆ ಬರಲೇ ಇಲ್ಲ. ಶಿವಾಜಿನಗರದ ಗುಜರೀಲಿ ಅದೃಷ್ಟ ಇದ್ರೆ ಉಂಟು. ಅದಕ್ಕೇ ಗಾಡೀಲಿ ಗ್ಲಾಸು ಲ್ಯಾಂಪು ಎಲ್ಲಾ ಪೂರ್ತಿ ಇದ್ರೆ ಐವತ್ತು ಸಾವಿರ ಜಾಸ್ತಿ ಕೊಟ್ರೂ ನಷ್ಟ ಇಲ್ಲ, ಇಂಜಿನ್ ಹೊಗೆ ಬಿಡ್ತಿದ್ರೂ ಪರವಾಗಿಲ್ಲ.

ಈಗ ಹೊಸ ಪೇಂಟ್ ಅಂದ್ರಲ್ಲ, ನನಗೆ ಭಯ ಇರೋದೇ ಅಲ್ಲಿ. ಮಾರೋಕೆ ಮುಂಚೆ ಪೇಂಟ್ ಮಾಡ್ಸಿದ್ರೆ ಒಳಗೆ ತುಕ್ಕು ಮುಚ್ಚಿದಾರೆ ಅಂತ್ಲೇ ಇಟ್ಕೊಳ್ಳಿ, ಇಲ್ಲ ಅಂತ ಆದ್ಮೇಲೆ ಖುಷಿ ಪಡಿ. ಒಂದು ಸಣ್ಣ ಮ್ಯಾಗ್ನೆಟ್ ತಗೊಂಡ್ ಹೋಗಿ, ಗೀಚದಂಗೆ ಬಟ್ಟೆ ಸುತ್ತಿ, ಡೋರ್ ಕೆಳಗಡೆ, ವೀಲ್ ಆರ್ಚು, ಹಿಂದಿನ ಗ್ಲಾಸಿನ ಕೆಳಗಿನ ಅಂಚು, ಎಲ್ಲಾ ಕಡೆ ಹಿಡೀರಿ, ಹಿಡೀದೆ ಜಾರಿದ್ರೆ ಅಲ್ಲಿ ತಗಡಿಲ್ಲ, ಪುಟ್ಟಿ. ಮ್ಯಾಟ್ ಎತ್ತಿ ಫ್ಲೋರ್ ನೋಡಿ. ಡಿಕ್ಕೀಲಿ ಸ್ಟೆಪ್ನಿ ತೆಗ್ದು ಆ ಗುಂಡೀಲಿ ಬೆರಳಾಡ್ಸಿ. ಪಿಟ್ ಮೇಲೆ ನಿಲ್ಸಿ ಹಿಂದಿನ ಸಸ್ಪೆನ್ಷನ್ ಕೂತಿರೋ ಜಾಗ ನೋಡಿ, ಅಲ್ಲಿ ತೂತು ಬಿದ್ದಿದ್ರೆ ಕೈ ಮುಗ್ದು ಬಂದ್ಬಿಡಿ.

ಗುಬ್ಬಿಯವರು: ಥ್ಯಾಂಕ್ಸ್ ಅಣ್ಣ, ಬರೋ ಭಾನುವಾರ ಅಪ್ಪನ್ನೂ ಕರ್ಕೊಂಡು ಹೋಗ್ತಿದೀವಿ.

ಗ್ಯಾರೇಜ್ ಅಣ್ಣ: ಮೊದಲ್ನೇ ಸಲ ಅಪ್ಪನ್ನ ಬಿಟ್ ಹೋಗ್ರಪ್ಪ, ಅವರ ಮುಖ ನೋಡಿದ್ ತಕ್ಷಣ ಓನರ್ ರೇಟ್ ಏರಿಸ್ತಾನೆ. ಮತ್ತೆ ಇನ್ನೊಂದು, ಬೆಳಿಗ್ಗೆ ನೀವು ಹೋಗೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಫೋನಲ್ಲೇ ಹೇಳಿ. ಬಿಸಿ ಇಂಜಿನ್ ಎಲ್ಲರಿಗೂ ಸ್ಟಾರ್ಟ್ ಆಗುತ್ತೆ.

ಪ್ರಶ್ನೆ (ತಿಪಟೂರಿಂದ): ಗುರುಗಳೇ ನಂದು ಮಾರುತಿ ಜಿಪ್ಸಿ ಕನಸು. ಕೊಬ್ಬರಿ ರೇಟ್ ಚೆನ್ನಾಗಿ ಸಿಕ್ತು ಈ ಸಲ, ತೋಟಕ್ಕೆ ಓಡಾಡೋಕೂ ಆಗುತ್ತೆ ಅಂತ ಮನೇಲಿ ಒಪ್ಸಿದೀನಿ. ಮಿಲಿಟರಿ ಆಕ್ಷನ್ (ಹರಾಜು) ಗಾಡಿ ತಗೊಳ್ಳೋದಾ ಅಥವಾ ಪ್ರೈವೇಟ್‌ದಾ? ಹಸಿರು ಬಣ್ಣ ಹಂಗೇ ಉಳಿಸ್ಕೋಬೇಕು ಅಂತ ಆಸೆ.

ಗ್ಯಾರೇಜ್ ಅಣ್ಣ: ತೋಟದ ಹೆಸರಲ್ಲಿ ಮನೇಲಿ ಒಪ್ಸಿರೋದು ಒಳ್ಳೇ ಐಡಿಯಾ, ಆದ್ರೆ ಮನೆಯವ್ರನ್ನ ಅದರ ಹಿಂದಿನ ಸೀಟಲ್ಲಿ ಒಂದ್ಸಲ ಕೂರಿಸ್ಬೇಡಿ, ಎರಡನೇ ಸಲ ಅವರು ಹತ್ತಲ್ಲ. ಮುಂದೆ ಹಿಂದೆ ಎರಡೂ ಕಡೆ ಪಟ್ಟಾ (ಲೀಫ್ ಸ್ಪ್ರಿಂಗ್) ಸಸ್ಪೆನ್ಷನ್ನು, ಎತ್ತಿ ಎತ್ತಿ ಹಾಕುತ್ತೆ.

ಬಣ್ಣದ ವಿಷಯ ಮರೆತುಬಿಡಿ. ಆಲಿವ್ ಹಸಿರು ರಕ್ಷಣಾ ಇಲಾಖೆ ಗಾಡಿಗೆ ಮಾತ್ರ, ಕೇಂದ್ರದ ಮೋಟಾರ್ ವಾಹನ ನಿಯಮದಲ್ಲೇ ಐತೆ, ಬೇರೆಯವ್ರು ಹೊಡೆಸಂಗಿಲ್ಲ. ಆಕ್ಷನ್ ಗಾಡಿ ಅಂದ್ರೆ ಕಾಗದ ನೋಡೋವರೆಗೂ ಅಡ್ವಾನ್ಸ್ ಕೊಡ್ಬೇಡಿ. ಹರಾಜಿನ ಪತ್ರ ಇದ್ದು ಈಗಾಗ್ಲೇ ಸಿವಿಲ್ ನಂಬರ್ ಆಗಿರೋದಾದ್ರೆ ಸರಿ, "ನಂಬರ್ ಆಮೇಲೆ ಮಾಡ್ಸಿಕೊಡ್ತೀವಿ" ಅನ್ನೋ ಬ್ರೋಕರ್ ಹತ್ರ ಹೋಗಲೇಬೇಡಿ. ಜಿಪ್ಸಿ 1985ರಲ್ಲಿ 970 ಸಿಸಿ ಇಂಜಿನ್ನಲ್ಲಿ ಬಂದಿದ್ದು, ಆಮೇಲೆ 1.3 ಲೀಟರ್ ಬಂತು, ಕೊನೆಗೆ ಎಂಪಿಎಫ್‌ಐ, ಅಂದ್ರೆ ಕಾರ್ಬುರೇಟರ್ ಬದಲು ಇಂಜೆಕ್ಟರಲ್ಲಿ ಪೆಟ್ರೋಲ್ ಬಿಡೋದು. ನಿಮಗೆ ನಾನು ಹೇಳೋದು ಪ್ರೈವೇಟ್ ಓನರ್‌ದು 1.3 ಎಂಪಿಎಫ್‌ಐ. 970ರಲ್ಲಿ ದೇವರಾಯನದುರ್ಗ ಹತ್ತೋಕೆ ಹೋದ್ರೆ ಹತ್ತುತ್ತೆ, ಆದ್ರೆ ಹಿಂದಿರೋ ಬೈಕ್‌ನವ್ರೆಲ್ಲಾ ಹಾರ್ನ್ ಹೊಡೀತಾರೆ.

ಟೆಸ್ಟ್ ಡ್ರೈವಲ್ಲಿ ಫೋರ್ ವೀಲ್ ಹಾಕಿ ನೋಡಿ, ಬರೀ ಲಿವರ್ ಬಿದ್ರೆ ಸಾಲ್ದು, ಮುಂದಿನ ಚಕ್ರ ನಿಜವಾಗ್ಲೂ ಎಳೀತೈತಾ ನೋಡಿ, ಮಣ್ಣಲ್ಲಿ. ತಾರ್ ರೋಡಲ್ಲಿ ಫೋರ್ ವೀಲ್ ಹಾಕಿ ತಿರುಗ್ಸಬೇಡಿ, ಮುಂದಿನ ಹಿಂದಿನ ಚಕ್ರಕ್ಕೆ ಎಳೆತ ಹಂಚೋ ಟ್ರಾನ್ಸ್‌ಫರ್ ಕೇಸ್ ಬಿಗೀತದೆ. ಆಮೇಲೆ ದಪ್ಪ ಟೈರು, ಮುಂದೆ ಕಬ್ಬಿಣದ ಬುಲ್ ಬಾರು, ಇವೆಲ್ಲಾ ಹಾಕ್ಸಿರೋ ಗಾಡಿ ನೋಡಿ ಮರುಳಾಗ್ಬೇಡಿ. ಬುಲ್ ಬಾರ್ 2017ರಲ್ಲೇ ನಿಷೇಧ ಆಗಿದೆ, ದಪ್ಪ ಟೈರ್ ಹಾಕಿ ಓಡ್ಸಿದ್ರೆ ಆಕ್ಸಲ್ ಬೇರಿಂಗು ಸ್ಟೀರಿಂಗು ಎಲ್ಲಾ ಸಡ್ಲ ಆಗಿರುತ್ತೆ, ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟ್‌ಗೆ) ಹೋದಾಗ ಎಲ್ಲಾ ಬಿಚ್ಚಿಸ್ತಾರೆ.

ಇನ್ನೊಬ್ಬರು (ಸಿರಾ): ಇಷ್ಟೆಲ್ಲಾ ತಲೆನೋವು ಯಾಕೆ ಬ್ರೋ, ಹೊಸ ಥಾರ್ ತಗೊಳ್ಳಿ ಲೋನ್ ಸಿಗುತ್ತೆ.

ಗ್ಯಾರೇಜ್ ಅಣ್ಣ: ಅವರು ಕೇಳಿದ್ದು ಜಿಪ್ಸಿ. ಮೈಸೂರ್ ಪಾಕ್ ಕೇಳ್ದೋರಿಗೆ ಕೇಕ್ ಕೊಡೋಕಾಗಲ್ಲ.

ಪ್ರಶ್ನೆ (ಕೋಲಾರ): ಸಾರ್ ನಾವು ಟೊಮೇಟೊ ಬೆಳೆಯೋರು. 2023 ಜುಲೈಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ತಗೋಬೇಕಿತ್ತು, ಆಗ ಸಾಲ ತೀರ್ಸಿ ಬೋರ್ ಹಾಕ್ಸಿದ್ವಿ. ಈಗ ಸ್ವಲ್ಪ ಕೈಲಿದೆ. ದೆಹಲಿ ಗಾಡಿ, ಬಿಎಂಡಬ್ಲ್ಯು ತ್ರೀ ಸೀರೀಸ್ ಡೀಸೆಲ್, 2010 ಮಾಡೆಲ್, ಒಂದು ಹೊಸ ಸ್ವಿಫ್ಟ್‌ಗಿಂತ ಕಮ್ಮಿಗೆ ಹೇಳ್ತಿದಾರೆ. ಬಿಎಂಡಬ್ಲ್ಯು ಇಷ್ಟ ನಂಗೆ ಕಾಲೇಜ್ ದಿನದಿಂದ. ಸ್ವಿಫ್ಟ್ ರೇಟಿಗೆ ಸಿಗುವಾಗ ಯಾಕೆ ಬಿಡ್ಬೇಕು ಅಂತ.

ಗ್ಯಾರೇಜ್ ಅಣ್ಣ: ಬೋರ್ ಹಾಕ್ಸಿದ್ದು ಸರಿ ಮಾಡಿದ್ರಿ. ಈ ಗಾಡಿ ಸ್ವಿಫ್ಟ್ ರೇಟಿಗೆ ಸಿಕ್ಕರೂ ಇದರ ಸ್ಪೇರ್ ಸ್ವಿಫ್ಟ್ ರೇಟಿಗೆ ಸಿಗಲ್ಲ, ಹೊಸದ್ರಲ್ಲಿ ಎಷ್ಟಿತ್ತೋ ಆ ಗಾಡೀದೇ ರೇಟು. ಯಾಕೆ ಅಗ್ಗ ಅಂದ್ರೆ ದೆಹಲೀಲಿ ಹತ್ತು ವರ್ಷ ಆದ ಡೀಸೆಲ್ ಗಾಡಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಬಂದಾಗಿಂದ ಕಾಟ, ಅದಕ್ಕೇ ಅಲ್ಲಿಯವ್ರು ಬಂದಷ್ಟಕ್ಕೆ ಕೊಟ್ಟು ಕೈ ತೊಳ್ಕೊತಾರೆ. ಇಲ್ಲಿಗೆ ತಂದ್ಮೇಲೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು, ಕೆಎ-07 ನಂಬರ್ ಆಗ್ಬೇಕು, ಅದಕ್ಕೆ ನಮ್ ರಾಜ್ಯದ ಲೈಫ್ ಟ್ಯಾಕ್ಸ್ ಕಟ್ಬೇಕು. ನೀವು ಕೊಟ್ಟ ರೇಟಿನ ಮೇಲಲ್ಲ ಟ್ಯಾಕ್ಸು, ಗಾಡಿ ಹೊಸದ್ರಲ್ಲಿ ಎಷ್ಟಿತ್ತು ಅದರ ಮೇಲೆ, ವಯಸ್ಸಿಗೆ ತಕ್ಕಂಗೆ ಕಮ್ಮಿ ಮಾಡಿ ಹಾಕ್ತಾರೆ. ಮೊದಲು ಆರ್‌ಟಿಒ ಆಫೀಸಲ್ಲಿ ಆ ಲೆಕ್ಕ ಬರ್ಸ್ಕೊಂಡು ಬನ್ನಿ, ಆಮೇಲೆ ಅಗ್ಗ ಅನ್ನೋ ಮಾತು. ಅದೂ 2010ರ ಗಾಡಿ ಅಂದ್ರೆ ಹದಿನೈದು ವರ್ಷ ಮುಗ್ದಿದೆ, ಆರ್‌ಸಿ ರಿನೀವಲ್ಲೂ ಸೇರಿ ಬಂತು.

ಇಂಜಿನ್ ಕಥೆ ಕೇಳಿ. ಆ ವರ್ಷದ ತ್ರೀ ಸೀರೀಸ್ ಡೀಸೆಲ್, ಅಂದ್ರೆ 320ಡಿ ಗಾಡಿಗೆ ಬರೋದು ಎನ್47 ಅನ್ನೋ ಡೀಸೆಲ್ ಇಂಜಿನ್ನು. ಅದರ ವಾಲ್ವು ಆಡಿಸೋ ಟೈಮಿಂಗ್ ಚೈನ್ ಮುಂದೆ ಇಲ್ಲ, ಗೇರ್ ಬಾಕ್ಸ್ ಕಡೆ ಐತೆ. ಚೈನ್ ಸಡ್ಲ ಆಗಿ ಕರಕರ ಸೌಂಡ್ ಶುರುವಾದ್ರೆ ಅದನ್ನ ಬದಲಾಯಿಸೋಕೆ ಗೇರ್ ಬಾಕ್ಸೋ ಇಂಜಿನ್ನೋ ಕೆಳಗಿಳಿಸ್ಲೇ ಬೇಕು. ಸುಮ್ನೆ ಓಡ್ಸಿ ಚೈನ್ ಕಡಿದ್ರೆ ವಾಲ್ವು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಮುಗೀತು. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡ್ಸಿ, ಹಿಂದಿನ ಕಡೆ, ಅಂದ್ರೆ ಡ್ಯಾಶ್‌ಬೋರ್ಡ್ ಹತ್ರದಿಂದ ಕರಕರ ಬರ್ತಿದ್ಯಾ ಕೇಳಿಸ್ಕೊಳ್ಳಿ. ಟೈರ್ ರನ್ ಫ್ಲಾಟು, ಪಂಕ್ಚರ್ ಆದ್ರೂ ಸ್ವಲ್ಪ ದೂರ ಓಡುತ್ತೆ ಅಂತ ಹಲವು ಗಾಡೀಲಿ ಸ್ಟೆಪ್ನಿ ಇರಲ್ಲ, ನಿಮ್ಮ ತೋಟದ ದಾರೀಲಿ ಸೈಡ್‌ವಾಲ್ ಹರಿದ್ರೆ ಟ್ರ್ಯಾಕ್ಟರ್ ಕರೀಬೇಕು.

ಅಷ್ಟಾದ್ರೂ ಬೇಕೇ ಬೇಕು ಅಂದ್ರೆ ನಮ್ ಕರ್ನಾಟಕದ್ದೇ ಗಾಡಿ, ಒಬ್ಬನೇ ಓನರ್, ಪೆಟ್ರೋಲ್, ಸರ್ವಿಸ್ ಹಿಸ್ಟರಿ ಪೂರ್ತಿ ಇರೋದು ನೋಡಿ, ಗಾಡಿಗೆ ಕೊಡೋ ದುಡ್ಡಿನ ಅರ್ಧದಷ್ಟು ಬೇರೆ ಎತ್ತಿಟ್ಟು ಆಮೇಲೆ ಮುಟ್ಟಿ. ಇನ್ನೊಂದು, 2015ರ ಚೆನ್ನೈ ಮಳೆ, 2018ರ ಕೇರಳ ಪ್ರವಾಹದಲ್ಲಿ ಮುಳುಗಿದ ದೊಡ್ಡ ಗಾಡಿಗಳು ತೊಳ್ದು ಪಾಲಿಶ್ ಆಗಿ ಎಲ್ಲೆಲ್ಲೋ ಓಡಾಡ್ತಿವೆ. ಸೀಟ್ ಬೆಲ್ಟ್ ಪೂರ್ತಿ ಕೊನೆವರೆಗೂ ಎಳೀರಿ, ಕೆಸರಿನ ಗೆರೆ ಇರುತ್ತೆ. ಅದನ್ನ ಯಾರೂ ತೊಳ್ದಿರಲ್ಲ.

ಪ್ರಶ್ನೆ (ಮಧುಗಿರಿ): ಅಣ್ಣ ಹಳೇ ಟಾಟಾ ಸಿಯೆರಾ?

ಗ್ಯಾರೇಜ್ ಅಣ್ಣ: 1991ರಲ್ಲಿ ಬಂದ ಗಾಡಿ, ಹಿಂದಿನ ಸೈಡಲ್ಲಿ ಮಾಡಿನವರೆಗೂ ಬಾಗಿರೋ ಆ ದೊಡ್ಡ ಗ್ಲಾಸಿಗೇ ಅರ್ಧ ಜನ ಮರುಳಾಗಿದ್ದು. ಆ ಗ್ಲಾಸ್ ಒಡದ್ರೆ ಇಲ್ಲ. ಇಂಜಿನ್ ಟಾಟಾದ ಹಳೇ ಡೀಸೆಲ್ಲೇ, ಹಳ್ಳಿ ಮೆಕ್ಯಾನಿಕ್ಕೂ ಬಿಚ್ಚಿ ಹಾಕ್ತಾನೆ. ಎರಡೂ ಕಡೆ ಗ್ಲಾಸ್ ನೆಟ್ಟಗಿದ್ರೆ ತಗೊಳ್ಳಿ, ಮಿಕ್ಕಿದ್ದು ನೋಡ್ಕೊಳ್ಳೋಣ.

ಪ್ರಶ್ನೆ (ಚಿಂತಾಮಣಿ): ಅಣ್ಣ ನಾನು ಹೊಸದಾಗಿ ತಗೋಬೇಕಿಲ್ಲ, ನಮ್ ತಾತಂದು ಪ್ರೀಮಿಯರ್ ಪದ್ಮಿನಿ ರೇಷ್ಮೆ ಶೆಡ್ಡಲ್ಲಿ ನಿಂತು ಬಹಳ ವರ್ಷ ಆಯ್ತು. ತಾತ ಇಲ್ಲ ಈಗ. ಆರ್‌ಸಿ ಅವರ ಹೆಸರಲ್ಲೇ ಐತೆ, ಅವಧಿ ಯಾವಾಗ್ಲೋ ಮುಗ್ದಿದೆ. ಅದನ್ನ ಓಡ್ಸಬೇಕು ಅನ್ನೋದೇ ನನ್ನ ಕನಸು. ಹೊಸ ಬ್ಯಾಟರಿ ತಂದಿದೀನಿ, ನಾಳೆ ಸ್ಟಾರ್ಟ್ ಮಾಡೋಣ ಅಂತ.

ಗ್ಯಾರೇಜ್ ಅಣ್ಣ: ನಾಳೆ ಸ್ಟಾರ್ಟ್ ಮಾಡ್ಬೇಡಿ! ಮೊದಲು ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ, ಒಂದೊಂದ್ರ ತೂತಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಆಮೇಲೆ ಕೈಯಲ್ಲಿ ಇಂಜಿನ್ ತಿರುಗ್ಸಿ, ಸಲೀಸಾಗಿ ತಿರುಗಿದ್ರೆ ಉಳೀತು. ಬಿಗಿದಿರೋ ಪಿಸ್ಟನ್ ರಿಂಗನ್ನ ಬ್ಯಾಟರಿ ಹಾಕಿ ಜಗ್ಗಿದ್ರೆ ಸಿಲಿಂಡರ್ ಒಳಗೋಡೆ ಗೀರುತ್ತೆ. ಟ್ಯಾಂಕಲ್ಲಿರೋದು ಪೆಟ್ರೋಲ್ ಅಲ್ಲ ಈಗ, ವಾರ್ನಿಶ್, ಪೂರ್ತಿ ಇಳಿಸಿ ಟ್ಯಾಂಕ್ ತೊಳ್ಸಿ. ರೇಷ್ಮೆ ಶೆಡ್ ಅಂದ್ರೆ ಇಲಿ ಗ್ಯಾರಂಟಿ, ವೈರಿಂಗ್ ನೋಡದೆ ಬ್ಯಾಟರಿ ಕೊಟ್ರೆ ಹೊಗೆ ಬರುತ್ತೆ. ಬ್ರೇಕಿನ ವೀಲ್ ಸಿಲಿಂಡರ್ ನಾಲ್ಕೂ ಕಡೆ ಹಿಡ್ಕೊಂಡಿರುತ್ತೆ, ಇಂಜಿನ್ ಓಡಿದ ಖುಷೀಲಿ ರೋಡಿಗೆ ತರ್ಬೇಡಿ, ಮೊದಲು ನಿಲ್ಲಿಸೋದು ಕಲೀಲಿ ಗಾಡಿ, ಆಮೇಲೆ ಓಡೋದು. ಟೈರಲ್ಲಿ ಗೆರೆ ಎಷ್ಟಿದ್ರೂ ಬಿಚ್ಚಿ ಬಿಸಾಕಿ, ರಬ್ಬರ್ ಸತ್ತಿರುತ್ತೆ.

ಕಾಗದದ ವಿಷಯಕ್ಕೆ, ಓನರ್ ತೀರಿಕೊಂಡಿದ್ರೆ ಫಾರ್ಮ್ 31. ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಮಿಕ್ಕ ವಾರಸುದಾರರ ಒಪ್ಪಿಗೆ. ಚಿಕ್ಕಪ್ಪ ಅತ್ತೆ ಎಲ್ಲರ ಸಹಿ ಈಗ್ಲೇ ತಗೊಂಡ್ಬಿಡಿ, ಗಾಡಿ ಹೊಳೆಯೋಕೆ ಶುರುವಾದ್ಮೇಲೆ ಎಲ್ಲರಿಗೂ ತಾತನ ನೆನಪು ಜಾಸ್ತಿ ಆಗುತ್ತೆ. ಆಮೇಲೆ ಆರ್‌ಸಿ ರಿನೀವಲ್ಲು, ಹದಿನೈದು ವರ್ಷ ದಾಟಿದ ಕಾರಿಗೆ 2022ರ ಏಪ್ರಿಲ್‌ನಿಂದ ಐದು ಸಾವಿರ ಇತ್ತು, 2025ರಲ್ಲಿ ಇಪ್ಪತ್ತು ದಾಟಿದ್ದಕ್ಕೆ ಹತ್ತು ಸಾವಿರ ಮಾಡಿದ್ರು. ಲೇಟ್ ಆಗಿದ್ದಕ್ಕೆ ದಂಡ ಬೇರೆ, ಗ್ರೀನ್ ಟ್ಯಾಕ್ಸ್ ಬೇರೆ. ಗಾಡಿ ಐವತ್ತು ವರ್ಷ ದಾಟಿದ್ರೆ ವಿಂಟೇಜ್ ಅಂತ ಬೇರೆ ರಿಜಿಸ್ಟ್ರೇಷನ್ನೂ ಐತೆ, ವಿಎ ಅಂತ ನಂಬರ್ ಬರುತ್ತೆ, ಆದ್ರೆ ಅದರಲ್ಲಿ ದಿನಾ ಓಡಾಡೋ ಹಂಗಿಲ್ಲ, ಪ್ರದರ್ಶನ, ರ‍್ಯಾಲಿ, ಅಂಥದ್ದಕ್ಕೆ ಮಾತ್ರ. ನೀವು ಸಂತೆಗೆ ಹೋಗ್ಬೇಕು ಅಂದ್ರೆ ಮಾಮೂಲಿ ರಿನೀವಲ್ಲೇ ಮಾಡ್ಸಿ.

ಚಿಂತಾಮಣಿಯವರು: ಅಣ್ಣ ಹತ್ತು ಸಾವಿರಾನಾ!! ಇನ್ನೊಂದು ಡೌಟು, ಈಗ ಬಂಕಲ್ಲಿ ಬರೋ ಎಥನಾಲ್ ಪೆಟ್ರೋಲ್ ಈ ಗಾಡಿಗೆ ಆಗುತ್ತಾ?

ಗ್ಯಾರೇಜ್ ಅಣ್ಣ: ಓಡುತ್ತೆ, ಆದ್ರೆ ಹಂಗೇ ಬಿಟ್ರೆ ತಿನ್ನುತ್ತೆ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್, ಅದನ್ನ ತಡ್ಕೊಳ್ಳೋ ರಬ್ಬರು ಗ್ಯಾಸ್ಕೆಟ್ಟು ಹಾಕಿ ಗಾಡಿ ಬಿಡೋಕೆ ಶುರು ಮಾಡಿದ್ದೇ 2023ರ ಏಪ್ರಿಲ್ಲಿಂದ. ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ ಪೆಟ್ರೋಲ್ ಹೋಸು (ಪೈಪು) ಮೆತ್ತಗಾಗಿ ಬಿರುಕು ಬಿಡುತ್ತೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಬೆಂಕಿ. ಅದಕ್ಕೇ ಟ್ಯಾಂಕಿಂದ ಕಾರ್ಬುರೇಟರ್‌ವರೆಗೂ ಎಲ್ಲಾ ಹೋಸು ಎಥನಾಲ್‌ಗೆ ಅಂತಾನೇ ಬರೋದು ಹಾಕ್ಸಿ, ಪಂಪಿನ ಡಯಾಫ್ರಾಮ್ ಬದಲಾಯ್ಸಿ. ಎಥನಾಲ್ ನೀರು ಹೀರುತ್ತೆ, ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತೆ ಅಂದ್ರೆ ಟ್ಯಾಂಕ್ ಒಳಗಿಂದ ತುಕ್ಕು. ಅರ್ಧ ಟ್ಯಾಂಕಲ್ಲಿ ನಿಲ್ಲಿಸ್ಬೇಡಿ, ವಾರಕ್ಕೊಂದ್ಸಲ ಚಿಂತಾಮಣಿಯಿಂದ ಕೈವಾರದವರೆಗಾದ್ರೂ ಓಡ್ಸಿ ಬನ್ನಿ. ಮೇಲಿನ ಕಾಂಟೆಸ್ಸಾದವ್ರಿಗೂ 970 ಜಿಪ್ಸಿ ಇಟ್ಟಿರೋರಿಗೂ ಇದೇ ಉತ್ತರ, ಬೇರೆ ಬೇರೆ ಕೇಳ್ಬೇಡಿ. ಇಂಜಿನ್ ಎಳೆಯೋವಾಗ ಜರ್ಕ್ ಹೊಡೆದ್ರೆ ಮಿಕ್ಸ್ಚರ್ ತೆಳ್ಳಗಾಗಿದೆ, ಗಾಳಿಗೆ ಪೆಟ್ರೋಲ್ ಸಾಲ್ತಿಲ್ಲ ಅಂತ ಅರ್ಥ, ಕಾರ್ಬುರೇಟರಲ್ಲಿ ಪೆಟ್ರೋಲ್ ಬಿಡೋ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕ್ಸಿದ್ರೆ ಸರಿ ಹೋಗುತ್ತೆ. ಹಳೇ ಜೆಟ್ ಬಿಸಾಕ್ಬೇಡಿ, ಒಂದು ಡಬ್ಬೀಲಿ ಹಾಕಿ ಗ್ಲೋವ್ ಬಾಕ್ಸಲ್ಲಿಟ್ಕೊಳ್ಳಿ.